ಪೇಟಿಯ ಹಿಂದೆ ಕೂತವನು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವ ಊರಲ್ಲಿ ರಾತ್ರಿ ಮೇಳ ಕೂಡಿದರೂ ಅಲ್ಲಿ ಒಬ್ಬ ಇದ್ದೇ ಇರುತ್ತಾನೆ. ಬಗಲಲ್ಲಿ ಮಡಚಿದ ಕಂಬಳಿ, ಕಿಸೆಯಲ್ಲಿ ಎಲೆ-ಅಡಿಕೆಯ ಚಂಚಿ. ಜನವೆಲ್ಲ ರಂಗದ ಮುಂದೆ ಜಾಗ ಹಿಡಿಯಲು ಗುದ್ದಾಡುತ್ತಿದ್ದರೆ ಈತ ಮೆಲ್ಲಗೆ ಬಳಸಿಕೊಂಡು ಹೋಗಿ ಪೇಟಿ ಮಾಸ್ತರರ ಬೆನ್ನ ಹಿಂದೆ, ತುಸು ಬಲಕ್ಕೆ ಕೂಡುತ್ತಾನೆ. ಅಲ್ಲಿಂದ ಸತ್ಯಭಾಮೆಯ ಮುಖ ಕಾಣದು, ಜಡೆ ಕಾಣುತ್ತದೆ. ಆದರೆ ಪೇಟಿಯ ಮುಂದೆ ಕೂತವರಿಗೆ ಕಾಣುವುದು ಬರೀ ತಿದಿ. ಮನೆಗಳ ಮೇಲೆ ಓಡುವ ಬೆರಳು ಕಾಣಬೇಕೆಂದರೆ ಬಾರಿಸುವವನ ಕಡೆಗೇ ಕೂಡಬೇಕು. ಊರು ಇವನನ್ನು ಪದದ ಹುಚ್ಚ ಎನ್ನುತ್ತದೆ. ಅದು ಅರ್ಧ ಮಾತ್ರ ನಿಜ. ಪದ ಅವನಿಗೆ ಎಂದೋ ಬಾಯಿಪಾಠವಾಗಿದೆ. ಅದೇ ಪದ ಇವತ್ತು ರಾತ್ರಿ ಏನಾಗುತ್ತದೆ ಎಂದು ನೋಡಲಿಕ್ಕೆ ಅವನು ಬಂದಿದ್ದಾನೆ.

ಇದಕ್ಕೆ ಪಾರಿಜಾತಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅಪರಾಳ ತಮ್ಮಣ್ಣ ಕಟ್ಟಿದ ಶ್ರೀಕೃಷ್ಣ ಪಾರಿಜಾತವನ್ನು ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿ ಆಟಕ್ಕೆ ಹೊಂದಿಸಿದ. ಮುಂದೆ ಕೌಜಲಗಿ ನಿಂಗಮ್ಮ ಅದಕ್ಕೆ ಹೆಸರು ತಂದರು. ಕುಲಗೋಡ, ಕೌಜಲಗಿ ಎರಡೂ ಹಳೆಯ ಗೋಕಾಕ ತಾಲೂಕಿನ ಊರುಗಳು, ಹೀಗಾಗಿ ಇಲ್ಲಿಯವರಿಗೆ ಪಾರಿಜಾತವೆಂದರೆ ಮನೆಯ ಮಾತು. ಕತೆ ಗೊತ್ತಿಲ್ಲದವರು ಯಾರು? ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಭಾಮೆ ಮುನಿಯುತ್ತಾಳೆ. ಇಷ್ಟು ವರ್ಷಗಳಲ್ಲಿ ಒಂದು ರಾತ್ರಿಯಾದರೂ ಕೃಷ್ಣ ಬುದ್ಧಿ ಕಲಿತು ಹೂವನ್ನು ಮೊದಲು ಭಾಮೆಗೆ ಕೊಟ್ಟದ್ದಿಲ್ಲ. ಆದರೂ ನಮ್ಮವನು ಬೆಳಗಿನ ತನಕ ಕಣ್ಣು ಪಿಳುಕಿಸದೆ ಕೂಡುತ್ತಾನೆ. ಯಾಕೆಂದರೆ ದೂತಿ ಮತ್ತು ಭಾಗವತರ ನಡುವಿನ ಮಾತು ಯಾವ ಪುಸ್ತಕದಲ್ಲೂ ಪೂರ್ತಿ ಬರೆದಿಟ್ಟದ್ದಲ್ಲ. ನಿನ್ನೆ ಸಂತೆಯಲ್ಲಿ ಉಳ್ಳಾಗಡ್ಡಿ ರೇಟು ಬಿದ್ದದ್ದು ಇವತ್ತು ದೂತಿಯ ಬಾಯಲ್ಲಿ ದ್ವಾರಕೆಯ ಸುದ್ದಿಯಾಗಬಹುದು. ಭಾಮೆ ಎದೆ ಬಡಿದುಕೊಂಡು ಆಲಾಪ ಎತ್ತಿದ ಹೊತ್ತಿಗೆ ಯಾರೋ ಐವತ್ತೊಂದು ರೂಪಾಯಿ ಆಯೇರಿ ಮಾಡಿದರೆ, ಅಳುವನ್ನು ಅಲ್ಲಿಗೇ ನಿಲ್ಲಿಸಿ, ಕೊಟ್ಟವರ ಹೆಸರು ಹೇಳಿ ಹರಸಿ, ಮತ್ತೆ ಅದೇ ಸ್ವರದಿಂದ ಅಳು ಎತ್ತಿಕೊಳ್ಳಬೇಕು. ಕಪ್ಪು ನಾಲ್ಕರ ಪಟ್ಟಿಯಲ್ಲಿ ಇದು ಹುಡುಗಾಟಿಕೆಯಲ್ಲ. ಸ್ವರ ಕೂದಲೆಳೆಯಷ್ಟು ಇಳಿಯಿತೋ ಎಂದು ಇಡೀ ಸಭೆಯಲ್ಲಿ ಕಿವಿ ನಿಮಿರಿಸಿ ಕಾಯುವವನು ಇವನೊಬ್ಬ. ಇಳಿಯದಿದ್ದರೆ ತೊಡೆ ತಟ್ಟಿ ‘ಭಲೆ’ ಎನ್ನುತ್ತಾನೆ. ಇಳಿದರೆ ಚಂಚಿ ಬಿಚ್ಚುತ್ತಾನೆ.

ಹರದೇಶಿ-ನಾಗೇಶಿಯ ಸವಾಲ್ ಜವಾಬಿನಲ್ಲಂತೂ ಕೇಳುವುದೇ ಬೇಡ. ಗಂಡು ಹೆಚ್ಚು ಎಂದು ಹರದೇಶಿ, ಹೆಣ್ಣು ಹೆಚ್ಚು ಎಂದು ನಾಗೇಶಿ. ಡಪ್ಪು, ತುಂತುಣಿಯ ನಡುವೆ ರಾತ್ರಿಯೆಲ್ಲ ವಾದ. ಮನೆಯಲ್ಲಿ ಹೆಂಡತಿಯ ಒಂದು ಮಾತಿಗೂ ಉತ್ತರ ಹೊಳೆಯದ ಈತ ಇಲ್ಲಿ ನಾಗೇಶಿಯ ಸವಾಲಿಗೆ ಹರದೇಶಿಯವರು ಏನು ಹೇಳಬೇಕಿತ್ತು ಎಂದು ಪಕ್ಕದವನಿಗೆ ಮೂರು ಬಗೆಯಲ್ಲಿ ವಿವರಿಸುತ್ತಾನೆ.

ಇದು ಹಳ್ಳಿಯ ಹುಚ್ಚು ಎಂದು ನಗುವವರು ಬೆಂಗಳೂರಿನ ಅರಮನೆ ಮೈದಾನವನ್ನು ನೆನೆಯಬೇಕು. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅಲ್ಲಿ ಹಾಡಿದಾಗ ಕಪ್ಪು ಅಂಗಿ ತೊಟ್ಟು ಬಂದವರಿಗೂ ಪ್ರತಿ ಸಾಲು ಬಾಯಿಪಾಠವೇ ಇತ್ತು. ಅಂಗಿಯ ಬಣ್ಣ, ಟಿಕೀಟಿನ ದರ ಬಿಟ್ಟರೆ ಅವರಿಗೂ ನಮ್ಮವನಿಗೂ ಹೆಚ್ಚಿನ ಫರಕಿಲ್ಲ. ಪಟ್ಟಣದಲ್ಲಿ ಗಿಟಾರ್ ಕ್ಲಿನಿಕ್ ಎಂಬುದೂ ನಡೆಯುತ್ತದೆ. ಆಸ್ಪತ್ರೆಗೆ ಹೆಸರಾದ ಘಟಪ್ರಭಾದ ಕಡೆಯವರು ಇದನ್ನು ಕೇಳಿದರೆ ಗಿಟಾರಿಗೆ ಏನು ಬೇನೆ ಎಂದಾರು. ಅಲ್ಲಿ ಔಷಧವಿಲ್ಲ; ದೊಡ್ಡ ವಾದಕನೊಬ್ಬ ತಾನು ಬಾರಿಸುವುದು ಹೇಗೆಂದು ಬೆರಳು ಬಿಚ್ಚಿ ತೋರಿಸುತ್ತಾನೆ, ಅಭಿಮಾನಿಗಳು ಮುಂದೆ ಬಾಗಿ ನೋಡುತ್ತಾರೆ. ನಮ್ಮವನು ಫೀ ಕೊಡದೆ ಪೇಟಿಯ ಹಿಂದೆ ಕೂತು ಪಡೆಯುವುದು ಇದನ್ನೇ.

ಈಗ ಆಕ್ಷೇಪಗಳು. ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ನಿದ್ದೆಗೆಟ್ಟು ಹೋಗುವುದೇಕೆ ಎನ್ನುತ್ತಾರೆ. ಮೊಬೈಲಿನ ಭಾಮೆ ನೂರು ಸಲ ಹಾಕಿದರೂ ಅದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ. ತಪ್ಪುವ ಭಯವೇ ಇಲ್ಲದ ಕಡೆ ತಪ್ಪದೇ ಇದ್ದದ್ದಕ್ಕೆ ಭಲೆ ಎನ್ನುವುದಾದರೂ ಹೇಗೆ? ನಮ್ಮವನೂ ಮೊಬೈಲು ಎತ್ತಿ ಹಿಡಿದು ಎರಡು ತಾಸು ತುಂಬಿಸಿಕೊಳ್ಳುತ್ತಾನೆ, ನಿಜ. ಅದನ್ನು ಆಮೇಲೆ ಅವನು ಕೇಳಿದ್ದನ್ನು ಕಂಡವರಿಲ್ಲ. ತನಗೆ ಹಾಡಲು ಬಾರದು, ಬಾರಿಸಲು ಬಾರದು, ಇವನಿಗೇಕೆ ಈ ಉಸಾಬರಿ ಎಂಬುದು ಎರಡನೆಯ ಮಾತು. ಕುಸ್ತಿ ಕಣದ ಸುತ್ತ ನಿಂತವರೆಲ್ಲ ಪೈಲವಾನರೇ ಏನು?

ಮೂರನೆಯದು ಗದ್ದಲದ ದೂರು, ಇದು ಸ್ವಲ್ಪ ಭಾರದ್ದು. ಈ ಭಾಗದ ಮೆರವಣಿಗೆಗಳಲ್ಲಿ ಕಿಟಕಿಯ ಗಾಜು ನಡುಗಿಸುವ ಸ್ಪೀಕರ್ ಗೋಡೆಗೆ ಡಾಲ್ಬಿ ಎಂದು ಹೆಸರು. 1965ರಲ್ಲಿ ಕಂಪನಿ ಕಟ್ಟಿದ ರೇ ಡಾಲ್ಬಿ ಮೊದಲು ಮಾಡಿಕೊಟ್ಟದ್ದು ಟೇಪಿನ ಸುಸ್ ಎಂಬ ಸದ್ದನ್ನು ಅಡಗಿಸುವ ಯಂತ್ರ. ಸದ್ದಡಗಿಸಿದವನ ಹೆಸರನ್ನು ಸದ್ದಿಗೇ ಇಟ್ಟ ನಮ್ಮ ಜನರ ಔದಾರ್ಯ ದೊಡ್ಡದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬೇಡ ಎನ್ನುವ 2000ದ ನಿಯಮ ಇಂಥದ್ದಕ್ಕೇ ಬೇಕು. ಅದರ ಏಟು ಬೆಳತನಕ ನಡೆಯುವ ಪಾರಿಜಾತಕ್ಕೂ ಬೀಳುವುದು ಬೇರೆ ದುಃಖ. ಆದರೆ ಡಾಲ್ಬಿಯ ಪಾಪವನ್ನು ನಮ್ಮವನ ತಲೆಗೆ ಕಟ್ಟುವಂತಿಲ್ಲ. ಅಲ್ಲಿ ಮೊಳಗುವುದು ಮೊದಲೇ ತುಂಬಿಟ್ಟ ಹಾಡು; ಜನರೇಟರ್ ಕೈಕೊಟ್ಟರಷ್ಟೇ ಹೊಸದೇನಾದರೂ ಆದೀತು. ಅವನು ಕಿವಿಗೆ ಟವೆಲ್ಲು ಸುತ್ತಿಕೊಂಡು ಸಂದಿಯಲ್ಲಿ ಹಾಯ್ದು ಹೋಗುತ್ತಾನೆ. ಅದೇ ಮೆರವಣಿಗೆಯ ಹಿಂದೆ ಬ್ಯಾಂಜೋ ಬಂದರೆ ನಿಲ್ಲುತ್ತಾನೆ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ವಾದ್ಯವೊಂದರ ವಂಶದ್ದು ಇದು: ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿ, ಎಡಗೈ ಒತ್ತಬೇಕು, ಬಲಗೈ ಮೀಟಬೇಕು. ಪಿಕಪ್ ಕೂಡಿಸಿ ಆಂಪ್ಲಿಫೈಯರಿಗೆ ಹಚ್ಚಿದರೆ ಗಿಟಾರಿಗೆ ಸಡ್ಡು ಹೊಡೆಯುತ್ತದೆ. ಗದ್ದಲಕ್ಕೆ ಅದೂ ಕಡಿಮೆಯಿಲ್ಲ. ಆದರೆ ಅಲ್ಲಿ ಬೆರಳಿದೆ, ಬೆರಳು ತಪ್ಪಬಹುದು. ಅಷ್ಟು ಸಾಕು, ಸಂತೆಯ ಚೀಲ ಕೈಯಲ್ಲಿ ಹಿಡಿದೇ ಅರ್ಧ ಊರು ಹಿಂಬಾಲಿಸುತ್ತಾನೆ.

ಅವನ ಕ್ಲಿನಿಕ್ಕಿನ ನಿಜವಾದ ಹೊತ್ತು ಬೆಳಗಿನದು. ಮೇಳ ಮುಗಿದು, ಬಣ್ಣ ಅಳಿಸಿಕೊಂಡ ಕೃಷ್ಣ ಬೀಡಿ ಹಚ್ಚಿ, ಎಲ್ಲರೂ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮೊದಲ ಗಾಡಿಗೆ ಕಾಯುವಾಗ ಈತ ಪೇಟಿ ಮಾಸ್ತರರ ಎದುರು ಕೂಡುತ್ತಾನೆ, ಅವರ ಚಹಾದ ದುಡ್ಡೂ ತಾನೇ ಕೊಡುತ್ತಾನೆ. “ಮಾಸ್ತರ, ಭಾಮಾ ಅಳೂ ಮುಂದ ಆ ಕಡೀಗೆ ಒಂದು ತಿರುವು ಹಾಕಿದ್ರೆಲಾ, ಅದೇನದು?” ಮಾಸ್ತರರು ಕಣ್ಣುಜ್ಜಿಕೊಂಡು, “ಯಾವ್ದೋ ತಮ್ಮಾ? ನಾ ಹಂಗೂ ಬಾರ್ಸಿದ್ನೇನು?” ಎನ್ನುತ್ತಾರೆ. ಆಗ ಅವನು ಬಸಿಯನ್ನು ಪಕ್ಕಕ್ಕೆ ಸರಿಸಿ, ಟೇಬಲ್ಲಿನ ಅಂಚಿನ ಮೇಲೆ ಬಲಗೈಯ ಬೆರಳು ಊರಿ, ಮಾಸ್ತರರಿಗೆ ತೋರಿಸಲು ಶುರುಮಾಡುತ್ತಾನೆ.