ಲೈನರ್ ಯಜಮಾನರು

ಮಂಗಳೂರಿನಿಂದ ಲೋಡು ಹೊತ್ತು ಶಿರಾಡಿ ಘಾಟಿ ಹತ್ತಿದ ಹಳೇ ಲಾರಿಯೊಂದು ದೋಣಿಗಾಲ್ ಹತ್ತಿರ ಹಿಂದಿನ ಚಕ್ರದಲ್ಲಿ ಹೊಗೆಯಾಡಿಸಿಕೊಂಡು ಪಕ್ಕಕ್ಕೆ ನಿಂತಿತೆನ್ನಿ. ಮೆಕ್ಯಾನಿಕ್ಕಿಗೆ ಫೋನು ಹೋಗಬೇಕು, ಅವನು ಮಾಡುತ್ತಿದ್ದ ಕೆಲಸ ಬಿಡಬೇಕು, ಪಾನಾ ಚೀಲ ಹುಡುಕಬೇಕು, ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬರಬೇಕು. ಅಷ್ಟರಲ್ಲಿ ಯಜಮಾನರು ಬಂದಾಗಿರುತ್ತದೆ. ಅವರಿಗೆ ಯಾರೂ ಹೇಳಿಕಳಿಸಿರುವುದಿಲ್ಲ. ಸುಟ್ಟ ವಾಸನೆ ಟೀ ಅಂಗಡಿಯ ಬೆಂಚಿನವರೆಗೆ ತೇಲಿ ಬಂದರೆ ಸಾಕು, ಅರ್ಧ ಲೋಟ ಅಲ್ಲೇ ಬಿಟ್ಟು ಎದ್ದೇಬಿಡುತ್ತಾರೆ.

ಯಜಮಾನರೆಂದರೆ ಲಾರಿಯ ಮಾಲೀಕರೆಂದುಕೊಳ್ಳಬೇಡಿ. ಅವರು ನಿವೃತ್ತ ಡ್ರೈವರು. ಹೆದ್ದಾರಿ ಗ್ಯಾರೇಜು ಇರುವಲ್ಲೆಲ್ಲ ಇವರು ಇರುತ್ತಾರೆ: ನೆಲಮಂಗಲಕ್ಕೊಬ್ಬರು, ಹಿರಿಯೂರಿಗೊಬ್ಬರು, ದಾವಣಗೆರೆಗೆ ಇಬ್ಬರು, ಆ ಇಬ್ಬರಿಗೆ ಪರಸ್ಪರ ಮಾತಿಲ್ಲ. ಹೆಗಲ ಮೇಲೊಂದು ಟವೆಲು, ಕಿವಿಯ ಸಂದಿಯಲ್ಲಿ ಬೀಡಿ, ಕಣ್ಣಲ್ಲಿ ಈಗಿನ ಹುಡುಗರ ಬಗ್ಗೆ ಕನಿಕರ. ತಾವು ಓಡಿಸಿದ್ದು 'ಬೆಂಜು' ಎಂದು ಹೇಳದೆ ಅವರು ಮಾತು ಶುರುಮಾಡುವುದಿಲ್ಲ. ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಲಾರಿ ಮಾಡಲು ಹೊರಟಿದ್ದು 1954ರಲ್ಲಿ. 1969ಕ್ಕೆ ಆ ಒಪ್ಪಂದ ಮುಗಿಯಿತು. ಯಜಮಾನರು ಸ್ಟೇರಿಂಗ್ ಹಿಡಿದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆದರೂ ಟಾಟಾ ಎಂಬ ಹೆಸರು ಅವರ ಬಾಯಲ್ಲಿ ಇನ್ನೂ ಬಂದಿಲ್ಲ.

ಬಂದವರೇ ಲಾರಿಗೆ ಒಂದು ಪ್ರದಕ್ಷಿಣೆ ಹಾಕುತ್ತಾರೆ. ರಸ್ತೆ ಬದಿಯಿಂದ ಎರಡು ದಪ್ಪ ಕಲ್ಲು ಉರುಳಿಸಿ ಚಕ್ರಕ್ಕೆ ಒಟ್ಟು ಕೊಡುತ್ತಾರೆ. ಈ ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ, ಅದು ತಪ್ಪದೆ ಮಾಡಬೇಕಾದ ಕೆಲಸವೂ ಹೌದು. (ಲಾರಿ ಹೋದ ಮೇಲೆ ಕಲ್ಲು ರಸ್ತೆಯಲ್ಲೇ ಉಳಿದು ರಾತ್ರಿ ಬರುವ ಬೈಕಿನವನ ಪ್ರಾಣಕ್ಕೆ ಕುತ್ತಾಗುತ್ತದೆ. ಅದನ್ನು ಎತ್ತಿಡುವುದು ಅವರ ಶಾಸ್ತ್ರದಲ್ಲಿ ಬರೆದಿಲ್ಲ.) ಆಮೇಲೆ ಬಗ್ಗಿ, ಮೂಗರಳಿಸಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಾರೆ.

"ಲೈನರ್ ಹೋಗಿದೆ ಕಣಪ್ಪ."

ಯಾವ ಲಾರಿಯಾಗಲಿ, ಯಾವ ಚಕ್ರವಾಗಲಿ, ಮೊದಲ ತೀರ್ಪು ಇದೇ. ಡ್ರೈವರ್ ಮುಖ ಸಣ್ಣದು ಮಾಡಿಕೊಂಡು, "ಹೋದ ತಿಂಗಳು ತಾನೇ ಹಾಕ್ಸಿದ್ದು ಯಜಮಾನ್ರೇ" ಎಂದರೆ, "ಹಂಗಾದ್ರೆ ಡೂಪ್ಲಿಕೇಟ್ ಹಾಕವ್ರೆ" ಎನ್ನುತ್ತಾರೆ. ಬಿಲ್ಲು ತೋರಿಸಿದರೆ ಬೇರಿಂಗಿಗೆ ಹೋಗುತ್ತಾರೆ. ಬೇರಿಂಗೂ ಹೊಸದೆಂದಾದರೆ ಲಾರಿಗೆ ದೃಷ್ಟಿಯಾಗಿದೆ. ಬಂಪರಿನ ನಿಂಬೆಹಣ್ಣು ಬಾಡಿರುವುದನ್ನು ಅವರು ಬರುವಾಗಲೇ ಗಮನಿಸಿದ್ದರು. ಕ್ಲೀನರ್ ಹುಡುಗ ಹೊಸ ನಿಂಬೆಹಣ್ಣಿಗೆ ಓಡುತ್ತಾನೆ.

ಬ್ರೇಕ್ ಶೂ ಮೇಲಿನ ಲೈನರ್ ಸವೆದರೆ ಬ್ರೇಕು ಹಿಡಿಯುವುದಿಲ್ಲ ಎಂಬುದು ರೋಗ. ಇಲ್ಲಿರುವುದು ಹಿಡಿದದ್ದು ಬಿಡುವುದಿಲ್ಲ ಎಂಬ ರೋಗ. ಎರಡಕ್ಕೂ ಒಂದೇ ಮದ್ದು ಹೇಳುವ ವೈದ್ಯರು ಊರಲ್ಲೂ ಇದ್ದಾರೆನ್ನಿ, ಆ ವಿಷಯ ಬೇಡ. ಎಂದೋ ಒಮ್ಮೆ ಲೈನರಿನ ತುಂಡು ಒಡೆದು ಶೂ ಮತ್ತು ಡ್ರಮ್ಮಿನ ನಡುವೆ ಸಿಕ್ಕಿಕೊಂಡಾಗ ಯಜಮಾನರ ಮಾತು ನಿಜವಾದದ್ದೂ ಉಂಟು. ಆ ಒಂದು ಲಾರಿಯ ಕಥೆಯನ್ನು ದೋಣಿಗಾಲಿನಲ್ಲಿ ಕೇಳದವರಿಲ್ಲ.

ಹೊಗೆ ಇನ್ನೂ ಏಳುತ್ತಿದ್ದರೆ ಅವರ ಮುಂದಿನ ಅಪ್ಪಣೆ, "ಒಂದು ಬಕೆಟ್ ನೀರು ಹುಯ್ರೋ!" ಆ ಹೊತ್ತಿಗೆ ಮೇಸ್ತ್ರಿ ಬೈಕಿನಿಂದ ಇಳಿದಿದ್ದರೆ ಲಾರಿಯವನ ಪುಣ್ಯ. ಡ್ರಮ್ಮು ಎರಕದ ಕಬ್ಬಿಣ. ಕೆಂಡವಾಗಿರುವಾಗ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಆಗ ಬ್ರೇಕಿನ ಖರ್ಚಿನ ಮೇಲೆ ಡ್ರಮ್ಮಿನ ಖರ್ಚು. ಬೆಂಕಿಯೇ ಹತ್ತಿಕೊಂಡಿದ್ದರೆ ಮಾತು ಬೇರೆ.

ಮೇಸ್ತ್ರಿ ಮಾತು ಕಡಿಮೆಯ ಆಸಾಮಿ. ಅವನು ಮೊದಲು ಹತ್ತುವುದು ಕ್ಯಾಬಿನ್ನಿಗೆ. "ಚಕ್ರ ಹಿಂದಿದೆ, ಇವನು ಮುಂದೆ ಹೋದ ನೋಡಿ" ಎಂದು ಯಜಮಾನರು ಸಭೆಗೆ ತಿಳಿಸುತ್ತಾರೆ. ಮೇಸ್ತ್ರಿ ನೋಡುವುದು ಏರ್ ಮೀಟರನ್ನು. ಯಜಮಾನರ ಕಾಲದ ಲಾರಿಯಲ್ಲಿ ಹ್ಯಾಂಡ್ ಬ್ರೇಕ್ ಎಂದರೆ ತೋಳು ನೋಯುವ ಹಾಗೆ ಎಳೆಯುವ ಸನ್ನೆ. ಆಮೇಲೆ ಬಂದವುಗಳಲ್ಲಿ ಹಿಂದಿನ ಚಕ್ರದ ಬ್ರೇಕ್ ಬೂಸ್ಟರಿನ ಒಳಗೇ ಒಂದು ದಪ್ಪ ಸ್ಪ್ರಿಂಗ್ ಇರುತ್ತದೆ. ಬ್ರೇಕು ಹಿಡಿಯುವುದು ಸ್ಪ್ರಿಂಗು, ಅದನ್ನು ಅದುಮಿಟ್ಟು ಬಿಡಿಸುವುದು ಗಾಳಿ. ಎಲ್ಲೋ ಪೈಪು ಸೋರಿ ಟ್ಯಾಂಕಿನ ಗಾಳಿ ಸುಮಾರು ಐದು ಕೆ.ಜಿ.ಯ ಕೆಳಗೆ ಜಾರಿತೆಂದರೆ ಸ್ಪ್ರಿಂಗು ಮೆಲ್ಲಗೆ ಚಾಚಿಕೊಂಡು, ಯಾರೂ ಪೆಡಲ್ ಒತ್ತದಿದ್ದರೂ ಹಿಂದಿನ ಚಕ್ರಗಳನ್ನು ಹಿಡಿಯಲು ಶುರುಮಾಡುತ್ತದೆ. ಎರಡೂ ಬದಿ ಒಟ್ಟಿಗೆ ಬಿಸಿಯಾಗಿದ್ದರೆ ಮೇಸ್ತ್ರಿಯ ಅನುಮಾನ ಗಾಳಿಯ ಮೇಲೆ: ಸೋರುವ ಪೈಪು, ಹ್ಯಾಂಡ್ ಬ್ರೇಕ್ ವಾಲ್ವು, ರಿಲೇ ವಾಲ್ವು. ಒಂದೇ ಬದಿ ಬಿಸಿಯಾಗಿದ್ದರೆ ಕಳ್ಳ ಆ ಚಕ್ರದಲ್ಲೇ ಅಡಗಿದ್ದಾನೆ.

ಬಿಸಿ ನೋಡಲು ಡ್ರಮ್ಮು ಮುಟ್ಟಬೇಕಿಲ್ಲ; ಅಂಗೈಯನ್ನು ಗೇಣುದೂರ ಹಿಡಿದರೆ ಗೊತ್ತಾಗುತ್ತದೆ. ಯಜಮಾನರು ಮುಟ್ಟಿಯೇ ನೋಡುತ್ತಾರೆ. ಬೆರಳು ಬಾಯಿಗೆ ಹೋದರೂ ಮುಖಭಾವ ಬದಲಾಗುವುದಿಲ್ಲ.

ಮುಂದಿನ ಪರೀಕ್ಷೆಗೆ ಮೇಸ್ತ್ರಿ ಲಾರಿಯ ಅಡಿಗೆ ನುಸುಳಿ ಮಲಗುತ್ತಾನೆ. ಕ್ಲೀನರ್ ಹುಡುಗ ಪೆಡಲ್ ಒತ್ತಿ ಬಿಡಬೇಕು. ಒತ್ತಿದಾಗ ಗಾಳಿ ಬೂಸ್ಟರಿಗೆ ನುಗ್ಗಿ ಒಂದು ರಾಡನ್ನು ಹೊರಕ್ಕೆ ತಳ್ಳುತ್ತದೆ. ರಾಡು ಸ್ಲಾಕ್ ಅಡ್ಜಸ್ಟರನ್ನು ತಿರುಗಿಸುತ್ತದೆ, ಅದರೊಡನೆ ಕ್ಯಾಮ್ ಶಾಫ್ಟು ತಿರುಗಿ ಎರಡು ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಬಿಟ್ಟಾಗ ಗಾಳಿ ಹೊರಗೆ ಹೋಗಬೇಕು, ಸ್ಪ್ರಿಂಗುಗಳು ಎಲ್ಲವನ್ನೂ ಮನೆಗೆ ಎಳೆದುಕೊಳ್ಳಬೇಕು. ಸರಿಯಿರುವ ಬದಿಯ ರಾಡು ಟಪ್ಪೆಂದು ಒಳಗೆ ಹೋಗುತ್ತದೆ. ಇನ್ನೊಂದು, ಊಟಕ್ಕೆ ಎದ್ದುಹೋದ ಗುಮಾಸ್ತ ಕುರ್ಚಿಗೆ ಮರಳುವಂತೆ, ಬರುತ್ತದೆ, ನಿಲ್ಲುತ್ತದೆ, ಪೂರ್ತಿ ಬರುವುದೇ ಇಲ್ಲ. ಆಗ ಮೇಸ್ತ್ರಿ ಬೂಸ್ಟರಿನ ಬ್ರೇಕ್ ಪೈಪಿನ ನಟ್ಟನ್ನು ಒಂಚೂರು ಸಡಿಲಿಸುತ್ತಾನೆ. ಬುಸ್ಸೆಂದು ಗಾಳಿ ಹೋಗಿ ಚಕ್ರ ಸಡಿಲವಾದರೆ, ಗಾಳಿ ಹೊರಬರಲಾಗದೆ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ವಾಲ್ವನ್ನೋ ಪೈಪನ್ನೋ ನೋಡಬೇಕು. ಆ ಪೈಪಿನಲ್ಲಿ ಗಾಳಿಯೇ ಇಲ್ಲದೆಯೂ ಚಕ್ರ ಬಿಗಿಯಾಗಿದ್ದರೆ ತೊಂದರೆ ಕಬ್ಬಿಣದ್ದು: ಮುರಿದ ಸ್ಪ್ರಿಂಗು, ಒಣಗಿದ ಕ್ಯಾಮ್ ಬುಷ್ಷು, ಅತಿಯಾಗಿ ಬಿಗಿದ ಅಡ್ಜಸ್ಟರು.

"ಗಾಳಿ ಬಿಟ್ಟು ಲಾರೀನೇ ಕೊಂದ" ಎನ್ನುತ್ತಾರೆ ಯಜಮಾನರು.

ಹಳೇ ಲಾರಿಗಳಲ್ಲಿ ಕ್ಯಾಮ್ ಬುಷ್ಷು ಒಣಗುವುದಕ್ಕೊಂದು ಸ್ವಾರಸ್ಯದ ಕಾರಣವಿದೆ. ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು) ಮಾಡಿಸಬೇಕು. ಎಫ್‌ಸಿ ಎಂದರೆ ಪೇಂಟು. ಪೇಂಟಿನವನು ಮೇಲೆ ದೇವರ ಹೆಸರು ಬರೆದು, ಉಳಿದ ಕಪ್ಪು ಬಣ್ಣವನ್ನು ಚಾಸಿಗೂ ಹೌಸಿಂಗಿಗೂ ಧಾರಾಳವಾಗಿ ಬಳಿಯುತ್ತಾನೆ. ಗ್ರೀಸ್ ನಿಪ್ಪಲ್ಲಿನ ಬಾಯಿಯೂ ಮುಚ್ಚಿಹೋಗುತ್ತದೆ. ಆಮೇಲೆ ಗ್ರೀಸ್ ಗನ್ ಹಿಡಿದ ಹುಡುಗ ಹೊರಗೇ ಒಂದಿಷ್ಟು ಸವರಿ 'ಆಯ್ತಣ್ಣ' ಎನ್ನುತ್ತಾನೆ. ಮಳೆಗಾಲದಲ್ಲಿ ಘಾಟಿಯ ನೀರು, ಕೆಸರು ಹೊಕ್ಕು ಶಾಫ್ಟು ತುಕ್ಕು ಹಿಡಿದು ಕೂರುತ್ತದೆ. ನೋಡಲು ಹೊಸ ಮದುವಣಗಿತ್ತಿ, ತಿರುಗಲು ಒಪ್ಪದ ಚಕ್ರ.

ಅಡ್ಜಸ್ಟರಿನ ಕಥೆ ಇನ್ನೂ ಸೊಗಸು. ಕೈಯಲ್ಲಿ ಬಿಗಿಯುವ ಹಳೇ ನಮೂನೆಯ ಅಡ್ಜಸ್ಟರನ್ನು ಶೂ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಕಾಲು ಸುತ್ತಿನಿಂದ ಅರ್ಧ ಸುತ್ತು ವಾಪಸ್ ಬಿಡಬೇಕು. ಜಾಕಿ ಕೊಟ್ಟು ಚಕ್ರ ತಿರುಗಿಸಿದಾಗ ಸಲೀಸಾಗಿ ತಿರುಗಬೇಕು. ಮೇಸ್ತ್ರಿ ನೋಡುತ್ತಾನೆ, ಎಡಬದಿಯದಕ್ಕೆ ವಾಪಸ್ ಬಿಟ್ಟ ಲಕ್ಷಣವೇ ಇಲ್ಲ.

"ಇದನ್ನ ಯಾರಪ್ಪ ಬಿಗಿದಿದ್ದು?"

ಡ್ರೈವರ್ ತಲೆ ಕೆರೆಯುತ್ತಾನೆ. "ನಾನೇ ಅಣ್ಣ. ಮೊನ್ನೆ ಕೆಳಗಡೆ ಇಳಿಯೋವಾಗ ಇಲ್ಲೇ ಟೀ ಕುಡೀತಿದ್ದೆ. ಘಾಟಿ ಇಳಿಯೋ ಮುಂಚೆ ಒಂದು ಸುತ್ತು ಟೈಟ್ ಮಾಡ್ಕೋ ಅಂದ್ರು..."

ಎಲ್ಲರ ಕಣ್ಣೂ ಬೆಂಚಿನ ಕಡೆ ಹೋಗುತ್ತದೆ. ಯಜಮಾನರು ಬೀಡಿ ಹಚ್ಚಿಕೊಳ್ಳುತ್ತಾ, "ಒಂದು ಸುತ್ತು ಅಂದಿದ್ದೆ, ನೀನು ಒಂದೂವರೆ ಬಿಗಿದಿದೀಯ" ಎನ್ನುತ್ತಾರೆ. ಮೇಸ್ತ್ರಿ ಅಡ್ಜಸ್ಟರು ಸಡಿಲಿಸುತ್ತಾನೆ. ಹಬ್ಬಿನ ಗ್ರೀಸು ಕರಗಿ ಇಳಿದಿದೆಯೇ, ಆಯಿಲ್ ಸೀಲು ಸುಟ್ಟಿದೆಯೇ ಎಂದು ಡ್ರಮ್ಮು ಬಿಚ್ಚಿ ನೋಡುತ್ತಾನೆ. ಬೆಂದ ಲೈನರು ಗಾಜಿನಂತೆ ಹೊಳೆಯುತ್ತಿರುತ್ತದೆ. ಅದನ್ನು ದೂರದಿಂದ ಕಂಡದ್ದೇ ಯಜಮಾನರ ಸ್ವರ ಏರುತ್ತದೆ: "ನಾನ್ ಹೇಳ್ಲಿಲ್ವಾ? ಲೈನರ್!"

ಆ ಕ್ಷಣಕ್ಕೆ ಅವರನ್ನು ಸುಳ್ಳೆನ್ನಲು ಯಾರ ಬಳಿಯೂ ಪುರಾವೆಯಿಲ್ಲ. ಡ್ರೈವರು ಅವರಿಗೂ ಸೇರಿಸಿ ಟೀ ಹೇಳುತ್ತಾನೆ.

ಇಂಥ ಯಜಮಾನರ ಮಾತು ಕೇಳಿ ಲಾರಿಯವರು ಲೈನರ್ ಹಾಕಿಸಲಿ, ನಿಂಬೆಹಣ್ಣು ಕಟ್ಟಲಿ. ಹೋಗುವುದು ದುಡ್ಡು ಮಾತ್ರ. ಎರಡು ಕೆಲಸಕ್ಕೆ ಮಾತ್ರ ಒಪ್ಪಬಾರದು. ಡ್ರಮ್ಮಿನೊಳಗಿನ ಧೂಳನ್ನು ಏರ್ ಪೈಪು ಹಿಡಿದು ಊದುವುದು ಒಂದು: ಹಳೇ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇನ್ನೊಂದು, "ಬೂಸ್ಟರ್ ಬಿಚ್ಚಿ ಸ್ಪ್ರಿಂಗ್ ನೋಡೇ ಬಿಡೋಣ" ಎಂದು ಅವರು ಟವೆಲು ಕೊಡವಿ ಎದ್ದಾಗ, ದಯವಿಟ್ಟು ಪಾನಾ ಕೊಡಬೇಡಿ. ಒಳಗೆ ಅದುಮಿಟ್ಟ ಆ ಸ್ಪ್ರಿಂಗು ಕ್ಲಾಂಪ್ ಕಳಚಿದ ಕೂಡಲೇ ಸಿಡಿದು ಎದುರಿದ್ದವನನ್ನು ಕೊಲ್ಲಬಲ್ಲದು.