ಪಥ್ಯಶಾಸನ

ನಡುವಯಸ್ಸು ದಾಟಿದ ಗೃಹಸ್ಥನಿಗೆ ಆಹಾರದ ವಿಷಯದಲ್ಲಿ ಅಕಸ್ಮಾತ್ತಾಗಿ ಹುಟ್ಟುವ ವೈರಾಗ್ಯವು ಅವನ ಸ್ವಂತ ಜಿಹ್ವೆಯನ್ನು ನಿಗ್ರಹಿಸುವುದಕ್ಕೆ ಮೊದಲು ಹೆಂಡಿರು ಮಕ್ಕಳ ಜಿಹ್ವೆಗಳ ಮೇಲೆ ಅಧಿಕಾರವನ್ನು ಸ್ಥಾಪಿಸಹೊರಡುವುದು ಲೋಕರೂಢಿ. ಬಾಗೇವಾಡಿಯ ನಮ್ಮ ವೈದ್ಯರು ನನ್ನ ರಕ್ತಪರೀಕ್ಷೆಯ ಚೀಟಿಯನ್ನು ನೋಡಿ, "ಅನ್ನ ಕಡಿಮಿ ಮಾಡ್ರಿ, ರೊಟ್ಟಿ ತಿನ್ರಿ" ಎಂದಷ್ಟೇ ಅಪ್ಪಣೆ ಕೊಡಿಸಿದ್ದರು. ಅದಕ್ಕೆ ನಾನು ಮನೆಯಲ್ಲಿ ವಿಸ್ತಾರವಾದ ಭಾಷ್ಯವನ್ನು ರಚಿಸಿ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದು ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಮಿಗೂ ಕಡಿಮೆಯೆಂಬುದನ್ನೂ, ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳಿಗೆ ಮುಡಿಪಾಗಿಟ್ಟಿತೆಂಬುದನ್ನೂ ಸಾಧಾರವಾಗಿ ನಿರೂಪಿಸಿದೆ. ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವ ತಲೆಯೆತ್ತಿ, "ಡೋಣಿ ಸಾಲಿನಾಗ ಹುಟ್ಟಿದವಗ ಜ್ವಾಳ ತಿನ್ನು ಅಂತ ವಿಶ್ವಸಂಸ್ಥೆಯವರು ಬಂದು ಹೇಳಬೇಕೇನೋ?" ಎಂದಳು.

ಅವ್ವನ ಆಕ್ಷೇಪ ನ್ಯಾಯವಾದುದೇ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂದು ಹಿರಿಯರು ಆಡಿಕೊಂಡ ಸೀಮೆ ಇದು. ಇಲ್ಲಿಯ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆವ ಮಾಲದಂಡಿ ಬಿಳಿಜೋಳದ ಮುಂದೆ ಅಕ್ಕಿಯು ಹಬ್ಬಕ್ಕೋ ಬೀಗರಿಗೋ ಮಾತ್ರ ಒಲೆಯೇರುವ ಅತಿಥಿಯಾಗಿತ್ತು. 2013ರಲ್ಲಿ ಅನ್ನಭಾಗ್ಯ ಬಂದು ಒಂದು ರೂಪಾಯಿಗೆ ಕಿಲೋದಂತೆ ಅಕ್ಕಿ ದೊರೆತಾಗ ಅನ್ನವು ಮನೆಮನೆಯ ಖಾಯಂ ನಿವಾಸಿಯಾಯಿತೆಂದು ಪಂಡಿತರು ನಿಟ್ಟುಸಿರುಬಿಡುತ್ತಾರೆ. ಹಸಿದವನ ಹೊಟ್ಟೆಗೆ ಬಿದ್ದ ತುತ್ತನ್ನು ಹಳಿಯುವ ಧೈರ್ಯ ನನಗಿಲ್ಲ, ಮೇಲಾಗಿ, ಅಕ್ಕಿಯ ವಿಜಯಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ, ಕುಕ್ಕರಿನ ಮೂರು ಸೀಟಿಯೂ ಕಾರಣವೆಂಬುದನ್ನು ನನ್ನ ಹೆಂಡತಿ ಒಂದೇ ವಾಕ್ಯದಲ್ಲಿ ಸಿದ್ಧಪಡಿಸಿದಳು: "ರೊಟ್ಟಿ ತಿನ್ನೂದು ನಿಮಗ ಪಥ್ಯರೀ, ಬಡಿಯೂದು ಯಾರಿಗೆ?"

ಪ್ರಶ್ನೆ ಗಹನವಾದುದು. ಗೋಧಿಯಲ್ಲಿರುವ ಗ್ಲೂಟೆನ್ ಜೋಳಕ್ಕಿಲ್ಲವಾದ್ದರಿಂದ, ಕುದಿವ ಎಸರನ್ನು ಹಿಟ್ಟಿಗೆ ಹೊಯ್ದು, ಕೈ ಸುಟ್ಟರೂ ಬಿಡದೆ ಬಿಸಿಬಿಸಿಯಾಗಿಯೇ ನಾದಿ, ಜಿಗಿಯನ್ನು ಬಲವಂತವಾಗಿ ಹೊರಡಿಸಬೇಕು. ಉಂಡೆಯನ್ನು ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ, ಅಂಚು ಬಿರಿಯದಂತೆ ಅಗಲಿಸಬೇಕು. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಉಬ್ಬುವ ತನಕ ಉರಿಯ ಮುಂದೆ ಬೇಯಬೇಕು—ರೊಟ್ಟಿಯೂ, ಬಡಿಯುವವಳೂ. ಹಿಟ್ಟು ಹಳತಾದರೆ ಜಿಗಿ ಹೋಗುವುದರಿಂದ ಒಂದೇ ಸಲ ಬೀಸಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಹಾಗೂ ಇಲ್ಲ. ಸಿರಿಧಾನ್ಯದ ಮಹಿಮೆಯನ್ನು ಕುರಿತ ಭಾಷಣಗಳಲ್ಲಿ ನಾರು, ಕಬ್ಬಿಣ, ಪ್ರೋಟೀನುಗಳ ಲೆಕ್ಕ ಬರುತ್ತದೆಯೇ ಹೊರತು ಈ ರಟ್ಟೆಯ ಲೆಕ್ಕ ಬಂದುದನ್ನು ನಾನು ಕೇಳಿಲ್ಲ.

ಪ್ರಮಾಣದ ಪ್ರಕರಣದಲ್ಲಾದರೂ ಗೆಲ್ಲೋಣವೆಂದು, ಬಸವಣ್ಣನವರು ಹುಟ್ಟಿದ ಊರಿನವರಿಗೆ ಶರಣರ ನಿದರ್ಶನಕ್ಕಿಂತ ದೊಡ್ಡ ಪ್ರಮಾಣ ಯಾವುದಿದೆಯೆಂದು, ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮಿಕ್ಕುದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಕಥೆಯನ್ನು ಭಕ್ತಿಯಿಂದ ಅರುಹಿದೆ. ಕಥೆಯಲ್ಲಿ ಆಜ್ಞಾಪಿಸಿದವಳು ಹೆಂಡತಿ, ಪಾಲಿಸಿದವನು ಗಂಡ ಎಂಬ ಸೂಕ್ಷ್ಮವನ್ನು ನನ್ನಾಕೆ ತತ್‌ಕ್ಷಣವೇ ಗ್ರಹಿಸಿ, ಅಂದಿನ ರಾತ್ರಿ ನನ್ನ ಗಂಗಾಳದಿಂದ ಮೂರನೆಯ ರೊಟ್ಟಿಯನ್ನು ಶರಣಧರ್ಮಾನುಸಾರವಾಗಿ ಬುಟ್ಟಿಗೆ ಹಿಂದಿರುಗಿಸಿದಳು.

ಉಪ್ಪಿನ ವಿಚಾರ ಇನ್ನೂ ತೊಡಕಿನದು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಮನೆಯ ರೊಟ್ಟಿಯ ಹಿಟ್ಟಿಗೆ ಉಪ್ಪು ಬೀಳುವುದಿಲ್ಲವೆಂದು ನಾನು ಹಿಗ್ಗುವಷ್ಟರಲ್ಲಿಯೇ ಅದರ ಪರಿವಾರವಾದ ಶೇಂಗಾಹಿಂಡಿ, ಗುರೆಳ್ಳುಹಿಂಡಿ, ಕೆಂಪುಖಾರ, ಉಪ್ಪಿನಕಾಯಿಗಳು ಆ ಕೊರತೆಯನ್ನು ಬಡ್ಡಿಸಹಿತ ತುಂಬಿಕೊಡುತ್ತಿದ್ದವು. ಹಿಂಡಿಯನ್ನು ಚಮಚೆಗೆ ಇಳಿಸಿ, ಪುಂಡಿಪಲ್ಯ, ಹಸಿ ಮೆಂತ್ಯೆಸೊಪ್ಪು, ಉಳ್ಳಾಗಡ್ಡಿ, ಮಜ್ಜಿಗೆಗಳನ್ನು ಮುಂದೆ ಮಾಡಿದೆವು. ಮಗನು ಮಾತ್ರ ಸಂಜೆಯ ಮಿರ್ಚಿಭಜಿಯನ್ನು ಬಿಡಲೊಪ್ಪದೆ, "ಅಪ್ಪಾ, ಕಡ್ಲಿಹಿಟ್ಟಿನಾಗ ಪ್ರೋಟೀನ್ ಐತಿ" ಎಂದು ನನ್ನ ಕೋಷ್ಟಕವನ್ನೇ ನನ್ನತ್ತ ಚಾಚಿದನು. ಅಂಗಡಿಯವನ ಬಾಣಲೆಯ ಎಣ್ಣೆಗೂ ಒಂದು ಪುಟವನ್ನು ಆ ಪೋಷಣ ಸಂಸ್ಥೆಯವರು ಮೀಸಲಿಟ್ಟಿದ್ದರೆ ನಾನು ವಾದದಲ್ಲಿ ಇಷ್ಟು ಸುಲಭವಾಗಿ ಸೋಲುತ್ತಿರಲಿಲ್ಲ. ಭಜಿ ವಾರಕ್ಕೊಮ್ಮೆಗೆ ಇತ್ಯರ್ಥವಾಯಿತು. ಜಾತ್ರೆಯ ದಿನಗಳು ಈ ಕರಾರಿಗೆ ಹೊರತು.

ಕೊನೆಗೆ ಮನೆಯಲ್ಲಿ ಆದ ಒಪ್ಪಂದದಂತೆ, ಮಧ್ಯಾಹ್ನ ಒಂದು ಹಿಡಿ ಅನ್ನ, ರಾತ್ರಿ ಬಿಸಿರೊಟ್ಟಿ; ಹೆಂಡತಿಯ ಕೈಗೆ ಬಿಡುವು ಬೇಕಾದಂದು ಓಣಿಯ ಹೆಣ್ಣುಮಕ್ಕಳು ಬಡಿದು ಮಾರುವ ಖಡಕ್ ರೊಟ್ಟಿ; ಜೋಳ ಹಸನು ಮಾಡುವುದು, ಪಲ್ಯ ಸೋಸುವುದು, ಗಿರಣಿಗೆ ಹೋಗುವುದು ಪಥ್ಯದವನ ಪಾಲು. ಡಬ್ಬಿಯನ್ನು ಹೆಗಲಿಗೇರಿಸಿ ಗಿರಣಿಯ ಸಾಲಿನಲ್ಲಿ ಅಕ್ಕಂದಿರ ನಡುವೆ ನಿಂತ ನನ್ನನ್ನು ಕಂಡು ಗಿರಣಿಯಾತನು ಯಂತ್ರದ ಗದ್ದಲವನ್ನು ಮೀರಿ ಕೂಗಿದನು:

"ಯಾಕ್ರೀ ಸರ, ಮನ್ಯಾಗ ಅಕ್ಕಾರಿಗೆ ಆರಾಮಿಲ್ಲೇನು?"

"ಅಕ್ಕಾರು ಗಟ್ಟಿ ಅದಾರಪ್ಪಾ. ಆರಾಮ ಇಲ್ಲದ್ದು ನನಗ."

ಆತ ನನ್ನನ್ನೂ ಡಬ್ಬಿಯನ್ನೂ ಒಮ್ಮೆ ನೋಡಿ, "ಹಂಗಾದ್ರ ಸಣ್ಣಗ ಬೀಸ್ತೀನ್ರಿ, ಬಡಿಯಾಕ ಹಗುರ ಆಗತೈತಿ" ಎಂದನು.