ಒಂದು ರೋಗಲಕ್ಷಣ ಬರೆದ ಬಹಿರಂಗ ಪತ್ರ

ಪೂಜ್ಯ ಸೋದರಮಾವನವರಿಗೆ,

ನೀವು ಅವನಿಗೆ ಮಾವ, ನನಗಲ್ಲ. ಯಾವ ಸಂಬಂಧದ ಮೇಲೆ ಹೀಗೆ ಕರೆಯುತ್ತೀಯ ಎಂದು ಕೇಳುತ್ತೀರಿ, ಕೇಳಬೇಕಾದ್ದೇ. ಅದಕ್ಕೆ ಸರಿಯಾದ ಪದ ಕನ್ನಡದಲ್ಲಿ ಇನ್ನೂ ಹುಟ್ಟದ ಕಾರಣ ಇರುವುದರಲ್ಲೇ ಸುಧಾರಿಸಿಕೊಂಡಿದ್ದೇನೆ. ನಿಮ್ಮ ಹೆಸರು, ಅವನ ಹೆಸರು, ಊರು ಯಾವುದನ್ನೂ ಬರೆಯುವುದಿಲ್ಲ. ಪತ್ರವನ್ನು ಅವನಿಗೆ ಓದಿಸಿ, ಅವನು ಎರಡು ಕಡೆ ಕಾಟು ಹೊಡೆದು ಒಪ್ಪಿದ ಮೇಲೆಯೇ ಅಚ್ಚಿಗೆ ಕೊಟ್ಟಿದ್ದೇನೆ. ನೀವು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಿ.

ಬರೆಯುತ್ತಿರುವುದು ಮುಖ್ಯವಾಗಿ ಕೃತಜ್ಞತೆ ಹೇಳಲಿಕ್ಕೆ. ನಮ್ಮಿಬ್ಬರ ಸಂಬಂಧ ಕುದುರಿಸಿದವರು ನೀವೇ.

2023ರ ದೀಪಾವಳಿ ನೆನಪು ಮಾಡಿಕೊಳ್ಳಿ. ಹೆಣ್ಣು ನೋಡುವ ಶಾಸ್ತ್ರ ಗೊತ್ತಾದ ವಾರವೇ ನೀವು ಅವನ ಮಾತ್ರೆಯ ಡಬ್ಬಿಯನ್ನು ಎತ್ತಿ ಬೀರುವಿನ ಮೇಲಿಟ್ಟಿರಿ. ಏಳು ದಿನಕ್ಕೆ ಏಳು ಖಾನೆ ಇರುವ ನೀಲಿ ಪ್ಲಾಸ್ಟಿಕ್ ಡಬ್ಬಿ. ಹೆಣ್ಣಿನ ಕಡೆಯವರ ಕಣ್ಣಿಗೆ ಬಿದ್ದರೆ ಏನು ಹೇಳುವುದು? ತಲೆ ಸ್ವಲ್ಪ ಬಿಸಿಯಾಗಿತ್ತು, ಈಗ ತಣ್ಣಗಾಗಿದೆಯಲ್ಲ. ಆಮೇಲೆ ಆ ಹಳೇ ಗಾದೆ ಬೇರೆ ಹೇಳಿ ನಕ್ಕಿರಂತೆ: ಹುಚ್ಚು ಬಿಡದ ಹೊರತು ಮದುವೆಯಾಗಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡಲ್ಲ. ಆ ಗಾದೆ ಕಟ್ಟಿದವರು ತಮಾಷೆಗೆ ಕಟ್ಟಿದ್ದರು ಮಾವನವರೇ. ಅದನ್ನು ಔಷಧಿ ಚೀಟಿಯಂತೆ ಓದಿದವರು ನೀವೊಬ್ಬರೇ.

ಡಬ್ಬಿಯಲ್ಲಿದ್ದದ್ದು ಲಿಥಿಯಂ. ಮನಸ್ಸು ಒಮ್ಮೆ ಆಕಾಶಕ್ಕೆ ಏರಿ ಒಮ್ಮೆ ಪಾತಾಳಕ್ಕೆ ಇಳಿಯುವ ಬೈಪೋಲಾರ್ ಕಾಯಿಲೆಗೆ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಇದರ ಗುಣವನ್ನು ಲೋಕಕ್ಕೆ ತೋರಿಸಿದರು. ಅಂದಿನಿಂದ ಇಂದಿನವರೆಗೂ ಇದನ್ನು ಮೀರಿಸಿದ್ದು ಹೆಚ್ಚಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಜಾಸ್ತಿ. ನಿಮ್ಮ ಪ್ರಯೋಗದಲ್ಲಿ ಅದಕ್ಕೆ ಐದು ವಾರ ಹಿಡಿಯಿತು. ಅಷ್ಟು ಹೊತ್ತಿಗೆ ಡಿಸೆಂಬರ್ ಬಂದಿತ್ತು, ಮಿಚಾಂಗ್ ಚಂಡಮಾರುತದ ನೀರು ಚೆನ್ನೈ ಬೀದಿಗಳಿಂದ ಇಳಿದಿತ್ತು, ಸಂಗೀತದ ಸೀಸನ್ ಶುರುವಾಗಿತ್ತು. ವರ್ಷದ ಕೊನೆಗೆ ಲ್ಯಾಪ್ಸ್ ಆಗಲಿದ್ದ ರಜೆ ಹಾಕಿ ನಾನೂ ಅಲ್ಲಿಗೆ ಹೋಗಿದ್ದೆ.

ಮೈಲಾಪುರದ ಒಂದು ಸಭಾ. ಕಚೇರಿಯ ಕೊನೆಗೆ ತುಕ್ಕಡಾ ಹೊತ್ತಿನಲ್ಲಿ ಗಾಯಕಿ ಪುರಂದರದಾಸರ ದೇವರನಾಮ ಎತ್ತಿಕೊಂಡರು. ಶಾರೀರ ಅಮೃತ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾಸರ ಮಹಾಪ್ರಾಣಗಳೆಲ್ಲ ಒಂದೊಂದಾಗಿ ಅಲ್ಪಪ್ರಾಣವಾಗಿ ಹೊರಬಂದವು. ಅಷ್ಟು ದೊಡ್ಡ ಹಾಲ್‌ನಲ್ಲಿ ನಕ್ಕವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಮೂರು ಸಾಲು ಮುಂದೆ ಕುಳಿತ ನಿಮ್ಮ ಸೋದರಳಿಯ. ನೀವು ಮನೆಯಲ್ಲಿ ಅವನಿಗೆ ಬೆತ್ತ ಹಿಡಿದು ಮಹಾಪ್ರಾಣ ಕಲಿಸಿದ್ದಿರಂತೆ. ನೋಡಿ, ಅಲ್ಲೂ ನಿಮ್ಮದೇ ಉಪಕಾರ.

ಮಧ್ಯಂತರವಿಲ್ಲದೆ ಮಾತಾಡುತ್ತಿದ್ದ. ಸಭಾದ ಕ್ಯಾಂಟೀನಿನಲ್ಲಿ ಎಲೆ ಮೇಲೆ ಅಡೆ, ಅವಿಯಲ್ ಬೀಳುವುದರೊಳಗೆ ಕಾಂಭೋಜಿ, ಕಾವೇರಿ ನೀರು, ಬ್ಯಾಂಕ್ ಬಡ್ಡಿದರ, ಹಕ್ಕಿಗಳ ವಲಸೆ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿಬಿಟ್ಟಿದ್ದ. ಅಷ್ಟು ಚೆಂದದ ಮಾತನ್ನು ನಾನು ಮತ್ತೆ ಕೇಳಿಲ್ಲ. ಪಕ್ಕದ ಮೇಜಿನಲ್ಲಿದ್ದ, ಮುಖಪರಿಚಯವೂ ಇಲ್ಲದ ಎಂಟು ಜನ ಮಾಮ ಮಾಮಿಯರಿಗೆ ಬಾದಾಮಿ ಹಲ್ವ ಕೊಡಿಸಿದ. ಅವರು ‘ತಂಗಮಾನ ಪಿಳ್ಳೈ’ ಎಂದರು. ಬಂಗಾರದಂಥ ಹುಡುಗ. ನನಗೂ ಹಾಗೇ ಕಂಡಿತ್ತು.

ಉಳಿದದ್ದು ತಿರುವಲ್ಲಿಕ್ಕೇಣಿಯ ಒಂದು ಮ್ಯಾನ್ಷನ್ನಿನಲ್ಲಿ. ಹೆಸರು ಕೇಳಿ ಅರಮನೆ ಎಂದುಕೊಳ್ಳಬೇಡಿ. ಬ್ಯಾಚುಲರ್‌ಗಳಿಗೆಂದೇ ಇರುವ, ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿದಂಥ ಕಟ್ಟಡ. ಬಾಗಿಲಲ್ಲೇ ‘ಹೆಂಗಸರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು. ಗಂಡು ಹೆಣ್ಣು ಒಟ್ಟಿಗೆ ರೂಮು ಕೇಳಿದರೆ ತಾಳಿ, ಆಧಾರ್, ಅಡ್ರೆಸ್ಸು ಎಲ್ಲ ನೋಡುವ ನಮ್ಮ ದೇಶದಲ್ಲಿ, ಇಬ್ಬರು ಗಂಡಸರು ಒಂದೇ ರೂಮು ಕೇಳಿದ್ದಕ್ಕೆ ಮ್ಯಾನೇಜರಿಗೆ ನಮ್ಮ ನಡತೆಯ ಮೇಲೆ ಗೌರವ ಉಕ್ಕಿಬಂತು. ಉಳಿತಾಯ ಗೊತ್ತಿರುವ ಹುಡುಗರು ಎಂದು ಕುಡಿಯುವ ನೀರಿನ ಕ್ಯಾನ್ ಬಿಟ್ಟಿ ಕೊಟ್ಟ. ನಮ್ಮ ಸಮಾಜ ಗಂಡುಹೆಣ್ಣಿಗೆ ಇಟ್ಟಷ್ಟು ಕಾವಲನ್ನು ನಮಗೆ ಇಟ್ಟಿಲ್ಲ, ಅದಕ್ಕೂ ಋಣಿ.

ಐದು ದಿನ. ಹದಿನೇಳು ಕಚೇರಿ. ಅವನು ಮಲಗಿದ್ದು ಒಟ್ಟು ಹನ್ನೊಂದು ಗಂಟೆ. ನನಗಾಗಿ ನಿದ್ದೆಗೆಟ್ಟಿದ್ದಾನೆ ಎಂದುಕೊಂಡೆ. ನಾನು ರಾಜಕುಮಾರ್ ಸಿನಿಮಾ ನೋಡಿ ಬೆಳೆದವನು. ಪ್ರೀತಿಸಿದವನು ಊಟ ಬಿಡಬೇಕು, ನಿದ್ದೆ ಬಿಡಬೇಕು, ನಡುರಾತ್ರಿ ಹಾಡಬೇಕು, ಇದ್ದಬದ್ದ ದುಡ್ಡು ಸುರಿಯಬೇಕು ಎಂದೇ ತಿಳಿದಿದ್ದೆ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಉನ್ಮಾದದ ಲಕ್ಷಣಗಳನ್ನು ಹೇಳಿದಾಗ ಬೆವೆತೆ. ನಿದ್ದೆ ಬೇಕೆನಿಸದಿರುವುದು, ನಿಲ್ಲದ ಮಾತು, ತಾನೇ ದೊಡ್ಡವನೆಂಬ ಭಾವ, ಕೈಬಿಚ್ಚಿ ಖರ್ಚು, ಮುಂದುಹಿಂದು ನೋಡದ ಲೈಂಗಿಕ ಸಂಬಂಧ. ಕೊನೆಯದು ನಾನು. ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬರ ಜೀವನದಲ್ಲಿ ಸ್ಥಾನ ಸಿಕ್ಕಿತು ಎಂದು ಬೀಗಿದ್ದೆ. ಸಿಕ್ಕಿದ್ದು ಒಂದು ರೋಗಲಕ್ಷಣದ ಸ್ಥಾನ.

ಐದನೆಯ ರಾತ್ರಿ ಎದ್ದು ನೋಡಿದರೆ ಹಾಸಿಗೆಯ ಮೇಲ್ಹಾಸಿನ ತುಂಬ ನನ್ನ ಪೆನ್ನಿನಲ್ಲಿ ಸ್ವರಪ್ರಸ್ತಾರ ಬರೆದಿದ್ದ. ಆಳು ಇಲ್ಲ. ಮರೀನಾದಲ್ಲಿ, ಲೈಟ್‌ಹೌಸ್ ಕಡೆ, ಸೊಂಟದವರೆಗಿನ ನೀರಿನಲ್ಲಿ ನಿಂತು ಕೈಯಲ್ಲಿ ಆದಿತಾಳ ಹಾಕುತ್ತಿದ್ದ. ಸಮುದ್ರ ತಾಳ ತಪ್ಪಿದೆಯಂತೆ, ಸರಿಮಾಡಿ ಬರುತ್ತಾನಂತೆ. ಅಲೆ ಹೊಡೆದಾಗಲೆಲ್ಲ ಅದನ್ನು ಗದರುತ್ತಿದ್ದ, ಥೇಟ್ ನಿಮ್ಮದೇ ಧಾಟಿ. ಬಲೆ ಬಿಡಿಸುತ್ತ ಕುಳಿತಿದ್ದ ನೊಚ್ಚಿಕುಪ್ಪದ ಇಬ್ಬರು ಬೆಸ್ತರು ಎಳೆದು ತಂದರು. ಅವರಲ್ಲಿ ಹಿರಿಯ ತನ್ನ ಟವೆಲಿನಿಂದ ಅವನ ತಲೆ ಒರೆಸಿ ನನ್ನನ್ನು ಕೇಳಿದ: ತಮ್ಮನಾ? ಹೂಂ ಎಂದೆ. ಇನ್ನೇನು ಹೇಳಲಿ.

ನಿಮಗೆ ಫೋನ್ ಮಾಡಿದೆ. ನೀವು ಮೊದಲು ಕೇಳಿದ್ದು ‘ಕೀಳ್ಪಾಕಕ್ಕೆ ಸೇರಿಸಿಲ್ಲ ತಾನೆ?’ ಎಂದು. ಬೆಂಗಳೂರಿನವರು ಯಾರನ್ನಾದರೂ ಹಂಗಿಸಬೇಕಾದರೆ ನಿಮ್ಹಾನ್ಸ್ ಎನ್ನುವಂತೆ ಮದರಾಸಿನವರು ಕೀಳ್ಪಾಕ್ ಎನ್ನುತ್ತಾರೆ. 1794ರಿಂದ ಬಂದ ಆಸ್ಪತ್ರೆ ಅದು, ಅಷ್ಟೂ ಕಾಲದ ಹೀಯಾಳಿಕೆ ಹೊತ್ತಿದೆ. ನಿಮಗೆ ಸಮಾಧಾನವಾಗಲೆಂದು ಹೇಳುತ್ತೇನೆ, ಅದನ್ನು 1961ರಿಂದ ಹದಿನೇಳು ವರ್ಷ ನಡೆಸಿದ ಡಾ. ಶಾರದಾ ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, ಮನೋವೈದ್ಯ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ. ದೇಶದ ಮೊದಲ ಮಹಿಳಾ ಮನೋವೈದ್ಯೆ ಆಕೆ. ನಿವೃತ್ತಿಯ ನಂತರವೂ ಸುಮ್ಮನೆ ಕೂರದೆ, ಸ್ಕಿಜೋಫ್ರೀನಿಯಾ ರೋಗಿಗಳಿಗಾಗಿ 1984ರಲ್ಲಿ ಚೆನ್ನೈನಲ್ಲೇ ‘ಸ್ಕಾರ್ಫ್’ ಸಂಸ್ಥೆ ಕಟ್ಟಿದರು. ಒಟ್ಟಿನಲ್ಲಿ ಹುಚ್ಚಿನ ವಿಷಯದಲ್ಲಿ ಮದರಾಸಿಗೂ ನಮಗೂ ನೀರಿನ ಜಗಳವಿಲ್ಲ. ಅಂದ ಹಾಗೆ ನಾನು ಸೇರಿಸಿದ್ದು ಬೇರೆ ಆಸ್ಪತ್ರೆಗೆ.

ನೀವು ಬೆಳಗಿನ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹಿಡಿದು ಮಧ್ಯಾಹ್ನಕ್ಕೆ ಸೆಂಟ್ರಲ್‌ನಲ್ಲಿ ಇಳಿದಿರಿ. ನನ್ನನ್ನು ನೋಡಿದಿರಿ, ಅವನ ಫೋನ್ ನೋಡಿದಿರಿ, ಅರ್ಥಮಾಡಿಕೊಂಡಿರಿ. ನಂತರ ಡಾಕ್ಟರ ಮುಂದೆ ಕೈಮುಗಿದು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯಲಾರೆ: ‘ಆ ತಲೆದು ಬಿಡಿ ಸಾರ್, ತಾನೇ ಸರಿಹೋಗುತ್ತೆ. ಇದಕ್ಕೆ ಏನಾದರೂ ಕೊಡಿ.’ ‘ಇದು’ ಎಂದರೆ ನಾನು.

ಮಾತ್ರೆ ಇರುವ ಕಾಯಿಲೆಗೆ ಮಾತ್ರೆ ಬೇಡ, ಕಾಯಿಲೆಯೇ ಅಲ್ಲದ್ದಕ್ಕೆ ಮಾತ್ರೆ ಬೇಕು. ಡಾಕ್ಟರು ಪಾಪ, ತಮಿಳು ಬೆರೆತ ಇಂಗ್ಲಿಷಿನಲ್ಲಿ ಸಾವಧಾನವಾಗಿಯೇ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ 1990ರಲ್ಲೇ ತೆಗೆದುಹಾಕಿದೆ. ಹಾಗೆ ‘ಸರಿಪಡಿಸುತ್ತೇನೆ’ ಎಂದು ಹೊರಡುವುದು ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ, ನನ್ನ ಲೈಸೆನ್ಸು ಹೋಗುತ್ತದೆ ಸಾರ್. ನೀವು ಬಿಡಲಿಲ್ಲ. ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ ಎಂದಿರಿ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಬಂದ ಕನ್ನಡ ಪುಸ್ತಕ. ಕನ್ನಡದ ಮೇಷ್ಟ್ರು ಹಾಗೆನ್ನಬಾರದಿತ್ತು.

ಆಯೋಗ ಹಾಗೆ ಸಾರಿದ್ದಕ್ಕೆ ಕಾರಣ ಅದೇ ಚೆನ್ನೈನ ಹೈಕೋರ್ಟು. ಮಧುರೈಯಿಂದ ಓಡಿಬಂದ ಇಬ್ಬರು ಹುಡುಗಿಯರ ಕೇಸು ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಬಂದಾಗ, ಈ ವಿಷಯ ನನಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ಪಾಠಕ್ಕೆ ಕುಳಿತು, ಆಮೇಲೆ 2021ರ ಜೂನ್ 7ರಂದು ಆದೇಶ ಬರೆದರು. ನ್ಯಾಯಪೀಠದಲ್ಲಿರುವವರು ವಿದ್ಯಾರ್ಥಿಯಾಗುವುದು ಅಪರೂಪ. ನಿವೃತ್ತ ಮೇಷ್ಟ್ರು ವಿದ್ಯಾರ್ಥಿಯಾಗುವುದು ಅದಕ್ಕಿಂತ ಕಷ್ಟ ಎಂದು ಬಲ್ಲೆ. ಒತ್ತಾಯವಿಲ್ಲ.

ಈಗ ಫಲಿತಾಂಶ. ಲಿಥಿಯಂ ಮತ್ತೆ ಶುರುವಾಯಿತು. ಫೆಬ್ರುವರಿಯಲ್ಲಿ ರಕ್ತದಲ್ಲಿ ಅದರ ಮಟ್ಟ 0.8, ಇರಬೇಕಾದಷ್ಟು. ನಿದ್ದೆ ಬಂತು, ಮಾತು ಇಳಿಯಿತು, ಕ್ರೆಡಿಟ್ ಕಾರ್ಡಿನ ಬಿಲ್ಲು ನೋಡಿ ಅತ್ತ. ಬೆಂಗಳೂರಿನ ಒಂದು ದರ್ಶಿನಿಯಲ್ಲಿ, ಸಣ್ಣಗೆ ನಡುಗುವ ಕೈಯಲ್ಲಿ ಕಾಫಿ ಲೋಟ ಹಿಡಿದು ಹೇಳಿದ: ‘ಆ ಐದು ದಿನ ಸುಳ್ಳಲ್ಲ. ಆದರೆ ಅವನಿಗೆ ನಿನ್ನ ಮೇಲೆ ಇದ್ದಷ್ಟು ಖಾತ್ರಿ ನನಗೆ ಯಾವುದರ ಮೇಲೂ ಇಲ್ಲ.’ ಅವನು ಎಂದರೆ ಮರೀನಾದಲ್ಲಿ ತಾಳ ಹಾಕಿದವನು. ಇವನು ಬೇರೆ. ಇವನಿಗೆ ನಾನು ಬೇಕಿಲ್ಲ. ಹಾಗಂತ ಹೆಣ್ಣೂ ಬೇಕಿಲ್ಲ. ಈಗ ಇನ್ನೊಬ್ಬ ಗೆಳೆಯನಿದ್ದಾನೆ, ಅಕೌಂಟೆಂಟು, ಸಂಗೀತದ ಗಂಧ ಇಲ್ಲ, ರಾತ್ರಿ ಹತ್ತಕ್ಕೆ ಮಲಗುತ್ತಾನೆ. ಎಂದರೆ ನೀವು ಬೇಡಿದ್ದನ್ನು ಲಿಥಿಯಂ ಅರ್ಧ ಮಾತ್ರ ನಡೆಸಿಕೊಟ್ಟಿತು. ಹುಚ್ಚು ಬಿಡಿಸಿತು, ಅದರ ಜೊತೆ ನನ್ನನ್ನೂ ಬಿಡಿಸಿತು. ಗಂಡಸರ ಮೇಲಿನ ಮನಸ್ಸನ್ನು ಮಾತ್ರ ಮುಟ್ಟಲೇ ಇಲ್ಲ. ಕಾಯಿಲೆ ಯಾವುದು ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಕೋರ್ಟೂ ಬರೆಯಲಾರದು. ನನ್ನ ಖರ್ಚಿನಲ್ಲಿ ಆಯಿತು, ಇರಲಿ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಾರದು. ಮದುವೆಯ ಹಕ್ಕು ನಮ್ಮಂಥವರಿಗಿಲ್ಲ ಎಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿತು. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಒಂದು ವಿಚಿತ್ರ ಔದಾರ್ಯವಿದೆ. ವಯಸ್ಕರು ಯಾರೇ ಆಗಲಿ, ತಮಗೆ ಮನಸ್ಸು ಕೆಟ್ಟಾಗ ತಮ್ಮ ಪರವಾಗಿ ನಿಲ್ಲುವವರು ಇಂಥವರು ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು. ರಕ್ತಸಂಬಂಧ ಬೇಕಿಲ್ಲ, ಜಾತಕ ಬೇಕಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿ ಕೊಡದ ಸಂಬಂಧವನ್ನು ಹುಚ್ಚಾಸ್ಪತ್ರೆ ಕೊಡುತ್ತದೆ. ಡಿಸ್ಚಾರ್ಜ್ ಆಗುವ ದಿನ ಅವನು ಆ ಹಾಳೆ ಬರೆದ. ನನ್ನ ಹೆಸರೇ ಇರುತ್ತದೆಂದು ನಂಬಿ ಪಕ್ಕದಲ್ಲಿ ಪೆನ್ನು ಹಿಡಿದು ನಿಂತಿದ್ದೆ.

ನಿಮ್ಮ ಹೆಸರು ಬರೆದ.

ಯಾಕೋ ಎಂದೆ. ‘ಡಬ್ಬಿ ಎತ್ತಿಟ್ಟಿದ್ದು ಅವರೇ, ಮೂರು ರಾತ್ರಿ ಬೆಂಚಿನ ಮೇಲೆ ಚಪ್ಪಲಿ ತಲೆಗಿಟ್ಟು ಮಲಗಿದ್ದೂ ಅವರೇ’ ಎಂದ. ಅದೂ ನಿಜ. ನಾನು ಎರಡನೇ ರಾತ್ರಿಯೇ ರೂಮಿಗೆ ಹೋಗಿ ಮಲಗಿದ್ದೆ.

ಆದ್ದರಿಂದ ಹುದ್ದೆ ನಿಮ್ಮದಾಗಿದೆ. ಕೆಲಸ ಹೇಳಿಬಿಡುತ್ತೇನೆ. ಡಾಕ್ಟರು ಹೇಳಿದಾಗಲೆಲ್ಲ ರಕ್ತಪರೀಕ್ಷೆ ಆಗಬೇಕು, ಮುಂದಿನದು ಈ ತಿಂಗಳು. ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ಆಮೇಲೆ. ಇದನ್ನು ಪ್ರತಿ ಸಲ ಮರೆಯುತ್ತಾನೆ. ಮಂಡಿನೋವು ಎಂದು ಮೆಡಿಕಲ್ ಶಾಪಿನಿಂದ ತಾನೇ ನೋವಿನ ಮಾತ್ರೆ ತಂದು ನುಂಗಲು ಬಿಡಬೇಡಿ, ಕೆಲವು ನೋವಿನ ಮಾತ್ರೆಗಳಿಂದ ಲಿಥಿಯಂ ಮೈಯಲ್ಲಿ ಏರಿ ವಿಷವಾಗುತ್ತದೆ. ಅದೊಂದು ಲವಣ, ಬೇಸಗೆಯಲ್ಲಿ ಬೆವೆತು ಮೈಯ ನೀರು ಆರಿದರೂ ಅದೇ ಕಥೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಇದೆಯಲ್ಲ, ಬೇಕಾದರೆ ಅದನ್ನು ಔಷಧಿ ಚೀಟಿಯಂತೆ ಓದಿ, ತಪ್ಪಿಲ್ಲ.

ನೀಲಿ ಡಬ್ಬಿ ಇನ್ನೂ ನಿಮ್ಮ ಬೀರುವಿನ ಮೇಲೇ ಇದೆಯಂತೆ. ಇಳಿಸಿ ಕೊಡಿ. ಬುಧವಾರದ ಮುಚ್ಚಳ ಸಡಿಲ, ಒಂದು ರಬ್ಬರ್ ಬ್ಯಾಂಡ್ ಹಾಕಬೇಕಾಗುತ್ತದೆ.

ಇತಿ,
ನಿಮ್ಮ ವಿಧೇಯ ರೋಗಲಕ್ಷಣ